ಮಗನಿಗೆ ಜೀವಂತ ಮೀನು ತೋರಿಸಬೇಕು, ಮುಂಬೈಯಲ್ಲಿ ಎಲ್ಲಿಗೆ ಹೋಗೋದು?

ಡೊಂಬಿವಲಿ_ಅಮ್ಮ:
ನಮಸ್ಕಾರ. ಮಗನಿಗೆ ಏಳು ವರ್ಷ. ರಜೆಯಲ್ಲಿ ಮಲ್ಪೆ ಬಂದರು ನೋಡಿ ಬಂದಮೇಲೆ "ಬುಟ್ಟಿಯ ಮೀನು ಬೇಡ, ಈಜುವ ಮೀನು ಬೇಕು" ಅಂತ ಒಂದೇ ಹಟ. ಮರೀನ್ ಡ್ರೈವ್‌ನ ತಾರಾಪೋರ್‌ವಾಲಾ ಅಕ್ವೇರಿಯಂ ತೆರೆದಿದೆಯಾ? ನಮಗೆ ಭಾನುವಾರ ಮಾತ್ರ ಬಿಡುವು. ಪ್ರಾಣಿಗಳಿರುವ ಮ್ಯೂಸಿಯಂ ಕೂಡ ಅದೇ ದಿನ ಮುಗಿಯುತ್ತಾ?

ಚರ್ನಿರೋಡ್_ಹುಡುಗ:
ಅಕ್ಕಾ, ಅದು ಕೋವಿಡ್ ಕಾಲದಲ್ಲಿ ಮುಚ್ಚಿದ್ದು. ಕಟ್ಟಡ 1951ರದ್ದು, ತೀರಾ ಹಳೆಯದಾಗಿದೆ. ಸುಮ್ನೆ ಅಲ್ಲಿವರೆಗೆ ಹೋಗಬೇಡಿ.

ಮಾಟುಂಗ_ಮಾವ:
ಮೀನಿನ ಬದಲು ಈಜುವ ಹಕ್ಕಿ ಆಗಬಹುದಾ ಕೇಳಿ ನೋಡಿ. ಬೈಕುಲಾದ ಮೃಗಾಲಯ ರಾಣಿ ಬಾಗ್‌ನಲ್ಲಿ ಪೆಂಗ್ವಿನ್‌ಗಳಿವೆ, ನಿಮ್ಮದೇ ಸೆಂಟ್ರಲ್ ಲೈನು. ಬುಧವಾರ ರಜೆ, ಭಾನುವಾರ ಇರುತ್ತೆ. 2016ರಲ್ಲಿ ದಕ್ಷಿಣ ಕೊರಿಯಾದಿಂದ ತಂದ ಹಂಬೋಲ್ಟ್ ಜಾತಿ. ಇವು ಹಿಮದವಲ್ಲ, ಪೆರು-ಚಿಲಿ ಕರಾವಳಿಯವು. ಅಲ್ಲಿನ ಸಮುದ್ರದ ನೀರು ತಣ್ಣಗಿರುತ್ತೆ. ನಮ್ಮ ಸೆಖೆಗೆ ಮಾತ್ರ ಎಸಿ ಬೇಕೇ ಬೇಕು.

ಮ್ಯೂಸಿಯಂ ಅಂದರೆ ಕಾಲಾ ಘೋಡಾದ್ದು. ಈಗ ಛತ್ರಪತಿ ಶಿವಾಜಿ ಮಹಾರಾಜರ ಹೆಸರು, ನಮ್ಮಂಥ ಹಳಬರ ಬಾಯಲ್ಲಿ ಇನ್ನೂ ಪ್ರಿನ್ಸ್ ಆಫ್ ವೇಲ್ಸ್. ಪಕ್ಕದ ರಸ್ತೆಯಲ್ಲೇ ನನ್ನ ನೌಕರಿ ಇತ್ತು, ಹಾಗಾಗಿ ಅಲ್ಲಿನ ಪ್ರಾಣಿಗಳೆಲ್ಲ ಪರಿಚಯ! ನಿಸರ್ಗ ವಿಭಾಗದಲ್ಲಿ ಓಡಿಸಿಕೊಂಡು ಹೋಗಬೇಡಿ. ಗಾಜಿನ ಹಿಂದೆ ಕಾಡು ಕಟ್ಟಿದ್ದಾರೆ. ಮುಂದೆ ನಿಜವಾದ ಚರ್ಮದ ಪ್ರಾಣಿ, ಹಿಂದಿನ ಗೋಡೆಗೆ ಬಣ್ಣದ ಚಿತ್ರ. ನೆಲ ಎಲ್ಲಿ ಮುಗಿದು ಚಿತ್ರ ಎಲ್ಲಿ ಶುರುವಾಗುತ್ತೆ ಹುಡುಕು ಅಂತ ಹುಡುಗನಿಗೆ ಹೇಳಿ. ನನಗೇ ಒಂದೆರಡು ಕಡೆ ಇನ್ನೂ ಗೊತ್ತಾಗಿಲ್ಲ.

ಮಂಗಟ್ಟೆ ಹಕ್ಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ. ನಮ್ಮ ಘಟ್ಟದ ಹಕ್ಕಿ ಅಲ್ವಾ. ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳುತ್ತೆ. ಒಂದು ಸೀಳು ಮಾತ್ರ ಬಿಡುತ್ತೆ, ಗಂಡು ಅದರಲ್ಲಿ ಹಣ್ಣು ತಂದು ಕೊಡುತ್ತೆ. ಪಕ್ಷಿತಜ್ಞ ಸಲೀಂ ಅಲಿ 1926ರ ಹೊತ್ತಿಗೆ ಇದೇ ವಿಭಾಗದಲ್ಲಿ ಬಂದವರಿಗೆ ವಿವರಿಸುವ ಕೆಲಸದಲ್ಲಿದ್ದರು. ಪಕ್ಕದಲ್ಲೇ 1883ರಲ್ಲಿ ಹುಟ್ಟಿದ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಚೇರಿ. ಅದರ ಹೆಸರೂ ಹಾರ್ನ್‌ಬಿಲ್ ಹೌಸ್, ಅಂದರೆ ಮಂಗಟ್ಟೆ ಮನೆಯೇ.

ಡೊಂಬಿವಲಿ_ಅಮ್ಮ:
ಪೆಂಗ್ವಿನ್ ಅಂದ ಕೂಡಲೇ ಮೀನು ಮರೆತುಬಿಟ್ಟ ಮಾವಾ. ಮೊದಲು ಯಾವುದು ನೋಡೋದು?

ಮಾಟುಂಗ_ಮಾವ:
ಪೆಂಗ್ವಿನ್. ಬಾಗಿಲು ತೆರೆಯುವಷ್ಟರಲ್ಲಿ ಅಲ್ಲಿರಿ, ಹೊತ್ತೇರಿದರೆ ಜನ ಜಾಸ್ತಿ. ವಾಪಸ್ ಬರುವಾಗ ಸ್ಲೋ ಗಾಡಿ ಹಿಡಿದು ಮಾಟುಂಗದಲ್ಲಿ ಇಳಿಯಿರಿ, ದೋಸೆ ತಿಂದೇ ಹೋಗಿ.