ಸೇನಾಪತಿ ಗುಡಿಯ ಡೈನೋಸಾರ್ ಎಲ್ಲಿ ಹೋಯಿತು?

ಪ್ರಶ್ನೆ: ಮಗಳಿಗೆ ಎಂಟು ವರ್ಷ, ಡೈನೋಸಾರ್ ಹುಚ್ಚು. ರದ್ದಿ ಅಂಗಡಿಯಿಂದ ತಂದ ಹಳೇ ಇಂಗ್ಲಿಷ್ ಪುಸ್ತಕದಲ್ಲಿ ‘ಜಿಯಾಂಗ್‌ಜುನ್‌ಮಿಯಾವೊಸಾರಸ್’ ಅಂತ ಒಂದಿದೆ. ಚೀನಾದ್ದಂತೆ. ಈಗಿನ ಪುಸ್ತಕಗಳಲ್ಲಿ ಎಲ್ಲೂ ಕಾಣೆ. ಇಂಥ ಹೆಸರುಗಳನ್ನು ನೀವೆಲ್ಲ ಹೇಗೆ ಹುಡುಕುತ್ತೀರಿ?

ಉತ್ತರ: ಪ್ರಾಣಿ ಎಲ್ಲೂ ಹೋಗಿಲ್ಲ, ಹೆಸರು ಬದಲಾಗಿದೆ ಅಷ್ಟೆ. ಈಗ ಅದು ಮೊನೊಲೊಫೊಸಾರಸ್. ಮೂತಿಯ ಮೇಲೆ ಉದ್ದಕ್ಕೆ ಮೂಳೆಯ ಒಂದೇ ಜುಟ್ಟು, ಚಿತ್ರ ನೋಡಿದರೆ ಗೊತ್ತಾಗುತ್ತದೆ. ಅಸ್ಥಿಪಂಜರ ಸಿಕ್ಕಿದ್ದು 1981ರಲ್ಲಿ, ಶಿನ್‌ಜಿಯಾಂಗ್‌ನ ಜಿಯಾಂಗ್‌ಜುನ್‌ಮಿಯಾವೊ ಹತ್ತಿರ. ಹಾಗೆಂದರೆ ಸೇನಾಪತಿಯ ಗುಡಿ. ಮೊದಲು ಜಾಗದ ಹೆಸರಿನಿಂದಲೇ ಕರೆದರು, ಆದರೆ ಕ್ರಮವಾಗಿ ವಿವರಣೆ ಬರೆದಿರಲಿಲ್ಲ. ವಿವರಣೆ ಇಲ್ಲದ ಹೆಸರು ಲೆಕ್ಕಕ್ಕಿಲ್ಲ. ಆಮೇಲೆ ವಿಜ್ಞಾನಿಗಳಾದ ಜಾವೊ ಶಿಜಿನ್ ಮತ್ತು ಫಿಲಿಪ್ ಕರಿ ವಿವರಿಸಿದಾಗ ಹೊಸ ಹೆಸರು ಬಂತು. ಪೂರ್ತಿ ಹೆಸರು ಮೊನೊಲೊಫೊಸಾರಸ್ ಜಿಯಾಂಗಿ. ನೋಡಿ, ಊರು ಬಾಲದಲ್ಲಿ ಉಳಿದುಕೊಂಡಿದೆ! ಅದಕ್ಕೇ ನಾನು ಮೊದಲು ಊರನ್ನು ಹುಡುಕುತ್ತೇನೆ, ಪ್ರಾಣಿ ಆಮೇಲೆ.

ಅಲ್ಲೂ ಕಾಗುಣಿತದ ಕಾಟ ಇದೆ. ಮಡಿಕೇರಿಯನ್ನು ಮರ್ಕೆರಾ ಅಂತ ಬರೆಯುತ್ತಿದ್ದರಲ್ಲ, ಹಾಗೆ. 1958ರ ತ್ಸಿಂಟಾವೊಸಾರಸ್‌ನ ಹೆಸರಲ್ಲಿರುವ ಊರು ಭೂಪಟದಲ್ಲಿ ಈಗ ಚಿಂಗ್‌ದಾವ್. 1939ರ ಓಮೆಯಿಸಾರಸ್ ಹೆಸರು ಎಮೆಯಿ ಬೆಟ್ಟದ್ದು. ಇದು ತಿಳಿಯದೆ ಒಂದು ಭಾನುವಾರ ಪೂರ್ತಿ ಸುಮ್ನೆ ಹಾಳು ಮಾಡಿಕೊಂಡಿದ್ದೆ.

ಇನ್ನೊಬ್ಬರು: ಊರನ್ನೂ ಕಣ್ಣುಮುಚ್ಚಿ ನಂಬಬೇಡಿ. ಮಾಮೆಂಚಿಸಾರಸ್ ಸಿಕ್ಕಿದ ಜಾಗ ಮಾಮಿಂಗ್‌ಶಿ. ಹೆಸರಿಟ್ಟ ಯಾಂಗ್ ಜೊಂಗ್‌ಜಿಯಾನ್ ಅವರ ಉಚ್ಚಾರಣೆಯಿಂದಾಗಿ ಅದು ಮಾಮೆನ್‌ಶಿ ಆಗಿಹೋಯಿತು! ನನ್ನ ದಾರಿ ಬೇರೆ. ವಿಕಿಪೀಡಿಯದಲ್ಲಿ ಆ ಡೈನೋಸಾರ್ ಪುಟದ ಚೀನೀ ಆವೃತ್ತಿ ತೆಗೆದು, ಹೆಸರನ್ನು ಅವರ ಲಿಪಿಯಲ್ಲೇ ಕಾಪಿ ಮಾಡಿ ಹುಡುಕುತ್ತೇನೆ. ಕೊನೆಗೆ ‘ಲೊಂಗ್’ ಅಂತ ಇರುತ್ತದೆ, ಡ್ರ್ಯಾಗನ್ ಅಂತ ಅರ್ಥ. ತ್ಸಿಂಟಾವೊಸಾರಸ್ ಅಲ್ಲಿ ಚಿಂಗ್‌ದಾವ್‌ಲೊಂಗ್. ಇಂಗ್ಲಿಷ್ ಸ್ಪೆಲಿಂಗ್ ಎಷ್ಟು ಸಲ ಬದಲಾದರೂ ಆ ಲಿಪಿಗೆ ತೊಂದರೆ ಇಲ್ಲ. ಅಲ್ಲಿ ಫೋಟೋಗಳೂ ಜಾಸ್ತಿ ಸಿಗುತ್ತವೆ.

ಮತ್ತೊಬ್ಬರು: ಪತ್ರಿಕೆಯಲ್ಲಿ ಮಾತ್ರ ಕಂಡ ಹೆಸರಾದರೆ ಹುಷಾರು. 1999ರಲ್ಲಿ ಭಾರಿ ಸುದ್ದಿಯಾದ ಆರ್ಕಿಯೋರಾಪ್ಟರ್ ಬೇರೆ ಬೇರೆ ಪ್ರಾಣಿಗಳ ತುಂಡು ಅಂಟಿಸಿದ ನಕಲಿ ಪಳೆಯುಳಿಕೆ. ಅದರ ಬಾಲ ಮೈಕ್ರೊರಾಪ್ಟರ್‌ದು. ಅಂದರೆ ಬಾಲವಾದರೂ ಅಸಲಿ ಡೈನೋಸಾರ್, ಅಲ್ವಾ!

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಮಗಳು ಪೆನ್ಸಿಲ್‌ನಲ್ಲಿ ಹೊಸ ಹೆಸರು ಬರೆದಳು, ಹಳೇದನ್ನು ಹೊಡೆದುಹಾಕಲು ಒಪ್ಪಲಿಲ್ಲ. ಮುಂದಿನ ಪುಟದಲ್ಲಿ ಲುಫೆಂಗೊಸಾರಸ್ ಇತ್ತು. ಭೂಪಟ ತಂದು, ಯುನ್ನಾನ್‌ನಲ್ಲಿ ಲುಫೆಂಗ್ ಅವಳೇ ಹುಡುಕಿಕೊಂಡಳು.