ಕೋಡಿ ಇಳಿಸಿದರೂ ಮಾಡೆಲ್‌ನಲ್ಲಿ ನೆರೆ ತಗ್ಗುತ್ತಿಲ್ಲ, ಯಾಕೆ?

ಪ್ರಶ್ನೆ: ಬೆಳ್ಳಂದೂರಿಗೆ ಹರಿಯುವ ಮೂರು ಕೆರೆಗಳ ಸರಣಿಯನ್ನು ಎಸ್‌ಡಬ್ಲ್ಯುಎಂಎಂನಲ್ಲಿ (ಮಳೆನೀರಿನ ಹರಿವನ್ನು ಲೆಕ್ಕ ಹಾಕುವ ತಂತ್ರಾಂಶ) ಕೂರಿಸಿದ್ದೇನೆ. 40 ಹೆಕ್ಟೇರಿನ ಕೆರೆಯ ಕೋಡಿಯನ್ನು ಅರ್ಧ ಮೀಟರ್ ಇಳಿಸಿದರೂ ರಾಜಕಾಲುವೆಯ ಗರಿಷ್ಠ ಹರಿವು ಕದಲುತ್ತಿಲ್ಲ. ಎಲ್ಲಿ ಎಡವಟ್ಟಾಗಿದೆ?

ಉತ್ತರ 1: ಸ್ಟೋರೇಜ್ ನೋಡ್‌ನ, ಅಂದರೆ ಮಾಡೆಲ್‌ನಲ್ಲಿ ಕೆರೆಯನ್ನು ತೋರಿಸುವ ಬಿಂದುವಿನ, ಆರಂಭಿಕ ಆಳ ಹಳೆಯದೇ ಇರಬೇಕು. ಹಾಗಿದ್ದರೆ ಮೊದಲ ಹನಿಗೂ ಮುಂಚೆಯೇ ಕೋಡಿ ಹರಿಯುತ್ತದೆ. ಕೋಡಿ ಮುಟ್ಟಬೇಡಿ. ತೂಬಿಗೆ ಗೇಟ್ ಕೊಟ್ಟು, ಮಳೆಗೆ ಮುಂಚೆ ನೀರಿನ ಮಟ್ಟ ಅರ್ಧ ಮೀಟರ್ ಇಳಿಸಿ: 2 ಲಕ್ಷ ಘನಮೀಟರ್ ಜಾಗ ಸಿಗುತ್ತದೆ. ಪೂರ್ತಿ ಬರಿದು ಮಾಡಿದರೆ ಅಂಚಿನ ಜೊಂಡು ಒಣಗುತ್ತದೆ, ಆಮೇಲೆ ಜೌಗು ಎಲ್ಲಿ ಉಳಿಯಿತು? ಕೋಡಿಯ ಲೆಕ್ಕವನ್ನು ಕೈಯಲ್ಲೂ ತಾಳೆ ನೋಡಿ: 10 ಮೀಟರ್ ಉದ್ದ, ಮೇಲೆ 0.5 ಮೀಟರ್ ನೀರು, ಗುಣಾಂಕ 1.7 ಆದರೆ ಸೆಕೆಂಡಿಗೆ ಸುಮಾರು 6 ಘನಮೀಟರ್.

ಉತ್ತರ 2: ರೂಟಿಂಗ್ (ಕಾಲುವೆಯಲ್ಲಿ ನೀರು ಸಾಗುವುದನ್ನು ಲೆಕ್ಕ ಹಾಕುವ ವಿಧಾನ) ಸರಳವಾದ ಕೈನೆಮ್ಯಾಟಿಕ್ ವೇವ್ ಆಗಿದ್ದರೆ ಕೆಳಗಿನ ಕೆರೆಯ ಹಿನ್ನೀರು ಕಾಣುವುದೇ ಇಲ್ಲ. ಹಿನ್ನೀರನ್ನೂ ಲೆಕ್ಕಕ್ಕೆ ಹಿಡಿಯುವ ಡೈನಾಮಿಕ್ ವೇವ್ ಹಾಕಿ, ಲೆಕ್ಕದ ಸಮಯದ ಹೆಜ್ಜೆ 5 ಸೆಕೆಂಡಿನೊಳಗಿರಲಿ. ಆಳ–ವಿಸ್ತೀರ್ಣ ಪಟ್ಟಿ ಹೂಳಿಗೆ ಮುಂಚಿನದ್ದಾದರೆ ಅದೂ ಸುಳ್ಳು. ದೋಣಿಯಲ್ಲಿ ಹೋಗಿ ಅಳೆಯಿರಿ.

ಉತ್ತರ 3: ದಿನದ ಮಳೆಯನ್ನು 24 ಗಂಟೆಗೆ ಸಮನಾಗಿ ಹಂಚಿಲ್ಲ ತಾನೆ? ಸಂಜೆಯ ಗುಡುಗುಮಳೆಗೆ 15 ನಿಮಿಷದ ದತ್ತಾಂಶ ಬೇಕು. ಕರ್ವ್ ನಂಬರನ್ನೂ (ಮಳೆಯಲ್ಲಿ ಎಷ್ಟು ಪಾಲು ನೆಲದ ಮೇಲೆ ಹರಿಯುತ್ತದೆ ಎಂದು ಲೆಕ್ಕ ಹಾಕಲು ಬಳಸುವ ಅಂಕಿ) ನೋಡಿ: 100 ಮಿ.ಮೀ. ಮಳೆಗೆ 75 ಇಟ್ಟರೆ 41 ಮಿ.ಮೀ. ಹರಿಯುತ್ತದೆ, 90 ಇಟ್ಟರೆ 73.