ಟರ್ಬೊ ಹಾಕಿಸೋಕೆ ಮುಂಚೆ: ಪಿಸ್ಟನ್-ರಾಡ್ ಮೊದಲಾ, ಇಸಿಯು (ಇಂಜಿನ್ ಕಂಪ್ಯೂಟರ್) ಮೊದಲಾ? ಮಾಡಿಸಿದವರು ಅನುಭವ ಹೇಳಿ

ಹೊಸಬೂಸ್ಟ್: 1.8 ಲೀಟರ್ ಪೆಟ್ರೋಲ್ ಇಂಜಿನ್, ಕಂಪ್ರೆಷನ್ 10:1, ಟರ್ಬೊ ಇಲ್ಲದ್ದು. ಟರ್ಬೊ ಕೂರಿಸಬೇಕು, 0.6 ಬಾರ್ ಬೂಸ್ಟ್ (ಟರ್ಬೊ ತುಂಬುವ ಹೆಚ್ಚುವರಿ ಗಾಳಿ ಒತ್ತಡ) ಸಾಕು. ದಿನಾ ಓಡಿಸುವ ಗಾಡಿ. ಫೋರ್ಜ್ಡ್ (ಒತ್ತಿ ಗಟ್ಟಿ ಮಾಡಿದ) ಪಿಸ್ಟನ್, ರಾಡ್ ಹಾಕಿಸಲಾ? ಇಲ್ಲ, ಒಳಗಿರುವುದನ್ನು ಮುಟ್ಟದೆ, ಕಂಪನಿ ಇಸಿಯು ಬದಲು ಕೂರುವ ಸ್ಟ್ಯಾಂಡ್‌ಅಲೋನ್ ಇಸಿಯು ತಗೊಳ್ಳಲಾ? ಎರಡಕ್ಕೂ ಈಗಲೇ ದುಡ್ಡು ಹೊಂದಲ್ಲ.

ಲೇಥ್‌ಮನೆ: ಪಿಸ್ಟನ್, ರಾಡ್ ಮೊದಲು. ಎರಡು ಮಾತೇ ಇಲ್ಲ. ನನ್ನದು 2618 ಅಲಾಯ್ (ಅಲ್ಯೂಮಿನಿಯಂ ಮಿಶ್ರಲೋಹ) ಪಿಸ್ಟನ್, ಎಚ್-ಬೀಮ್ ರಾಡ್, ಕಂಪ್ರೆಷನ್ 8.8:1. ಆದರೆ ದುಡ್ಡು ಎಲ್ಲೆಲ್ಲಿ ಹೋಯಿತು ಕೇಳಿ. ಪಿಸ್ಟನ್ ಜೊತೆ ಬಂದ ಚೀಟಿಯಲ್ಲಿ ಬೋರ್ ಕ್ಲಿಯರೆನ್ಸ್ (ಪಿಸ್ಟನ್‌ಗೂ ಸಿಲಿಂಡರ್ ಗೋಡೆಗೂ ನಡುವಿನ ಸಂದು) 0.09 ಮಿ.ಮೀ. ಅಂತ ಬರೆದಿತ್ತು. ಬೋರಿಂಗ್ ಮಾಡುವವರ ಕೈಗೇ ಕೊಟ್ಟಿದ್ದೆ. ಅವರು "ಇಷ್ಟು ಸಡಿಲ ಬಿಟ್ಟರೆ ಆಯಿಲ್ ಕುಡಿಯುತ್ತೆ" ಅಂತ ತಾವೇ ತೀರ್ಮಾನ ಮಾಡಿ 0.04ಕ್ಕೆ ಉಜ್ಜಿ ಹೋನ್ ಮಾಡಿದರು. 2618ರಲ್ಲಿ ಸಿಲಿಕಾನ್ ಇಲ್ಲ ಅನ್ನುವಷ್ಟು ಕಡಿಮೆ, ಬಿಸಿಯಾದರೆ ಜಾಸ್ತಿ ಹಿಗ್ಗುತ್ತೆ. ರನ್ನಿಂಗ್-ಇನ್ ಮುಗಿಯೋದರೊಳಗೆ ಎರಡು ಪಿಸ್ಟನ್ ಹಿಡಿದುಕೊಂಡವು. ಬಿಚ್ಚಿದರೆ ಸ್ಕರ್ಟ್ ಮೇಲೆ ಉದ್ದುದ್ದ ಗೀರು, ಬೋರ್ ಗೋಡೆಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಮತ್ತೆ ಒಂದು ಸೈಜ್ ದೊಡ್ಡ ಪಿಸ್ಟನ್, ಮತ್ತೆ ರಿಂಗ್, ಮತ್ತೆ ಬೇರಿಂಗ್, ಮತ್ತೆ ಹೆಡ್ ಗ್ಯಾಸ್ಕೆಟ್. ಹೆಡ್ ಬೋಲ್ಟ್ ಒಂದೇ ಸಲ ಬಿಗಿಯುವಂಥವು, ಅವೂ ಹೊಸವು. ಮೊದಲ ಸಲದ ಮಜೂರಿ ವಾಪಸ್ ಬರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತೆ. ಆದರೂ ಈಗ ಕಟ್ಟಿರುವ ಇಂಜಿನ್ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ.

ಮ್ಯಾಪ್‌ಮೊದಲು: ಇಸಿಯು ಮೊದಲು ಸಾರ್. ನನ್ನ ಒಳಗಿನ ಸಾಮಾನೆಲ್ಲ ಕಂಪನಿಯದ್ದೇ, 0.5 ಬಾರ್‌ನಲ್ಲಿ ಚೆನ್ನಾಗಿ ಓಡುತ್ತಿದೆ. ಮೊದಲು ಒಬ್ಬ ಟ್ಯೂನರ್ ಪಿಗ್ಗಿಬ್ಯಾಕ್ (ಕಂಪನಿ ಇಸಿಯುಗೆ ಹೋಗುವ ಸಿಗ್ನಲ್ ತಿದ್ದುವ ಬಾಕ್ಸ್) ಸಾಕು ಅಂತ ತಲೆಗೆ ಕಟ್ಟಿದರು. ದೊಡ್ಡ ಇಂಜೆಕ್ಟರ್‌ಗೆ ಹೊಂದಿಸಲು ಅದು ಏರ್‌ಫ್ಲೋ ಸಿಗ್ನಲ್ಲನ್ನೇ ಇಳಿಸುತ್ತೆ. ಕಂಪನಿ ಇಸಿಯುಗೆ ಲೋಡ್ ಕಡಿಮೆ ಅಂತ ಕಾಣುತ್ತೆ, ಇಗ್ನಿಷನ್ ಟೈಮಿಂಗ್ ಮುಂದಕ್ಕೆ ತಳ್ಳುತ್ತೆ. ಬೂಸ್ಟ್ ಬಂದ ಹೊತ್ತಿಗೆ ಸರಿಯಾಗಿ ನಾಕಿಂಗ್ (ಸಿಲಿಂಡರ್ ಒಳಗೆ ಮಿಕ್ಸ್ಚರ್ ತಾನಾಗೇ ಸಿಡಿದು ಬಡಿಯೋದು). ಅದನ್ನು ಕಿತ್ತು ಮೆಗಾಸ್ಕ್ವರ್ಟ್ ಅನ್ನೋ ಸ್ಟ್ಯಾಂಡ್‌ಅಲೋನ್ ಇಸಿಯು ಹಾಕಿದೆ, ಜೊತೆಗೆ 3 ಬಾರ್ ಮ್ಯಾಪ್ (ಮ್ಯಾನಿಫೋಲ್ಡ್ ಗಾಳಿ ಒತ್ತಡ) ಸೆನ್ಸರ್, ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಸೆನ್ಸರ್). ಬಾಕ್ಸಿನ ರೇಟು ನೋಡಿ ಖುಷಿಪಡಬೇಡಿ, ವೈರಿಂಗ್ ಮತ್ತು ಡೈನೊ (ಪವರ್ ಅಳೆದು ಟ್ಯೂನ್ ಮಾಡುವ ಯಂತ್ರ) ಸೇರಿ ಅದಕ್ಕಿಂತ ಜಾಸ್ತಿ ಆಯಿತು. ವೈರಿಂಗ್ ಮಾಡಿದವರು ಕ್ರ್ಯಾಂಕ್ ಸೆನ್ಸರ್ ವೈರನ್ನು ಕಾಯಿಲ್ ವೈರಿನ ಜೊತೆಗೇ ಕಟ್ಟಿದ್ದರು. 5,000 ಆರ್‌ಪಿಎಂ ದಾಟಿದರೆ ಇಸಿಯುಗೆ ಕ್ರ್ಯಾಂಕ್ ಎಲ್ಲಿದೆ ಅನ್ನೋ ಲೆಕ್ಕ (ಸಿಂಕ್) ತಪ್ಪಿ ಇಂಜಿನ್ ಮುಗ್ಗರಿಸುತ್ತಿತ್ತು. ಶೀಲ್ಡ್ ಇರುವ ವೈರ್ ಬೇರೆ ದಾರಿಯಲ್ಲಿ ಎಳೆದು, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿದ ಮೇಲೆ ನಿಂತಿತು. ಅದನ್ನು ಹುಡುಕುವಷ್ಟರಲ್ಲಿ ಡೈನೊಗೆ ಕೊಟ್ಟ ದುಡ್ಡೆಲ್ಲ ನೀರುಪಾಲು.

ಬಗ್ಗಿದರಾಡ್: ಕಂಪನಿ ರಾಡ್ ಸಾಕು ಅನ್ನುವವರಿಗೆ ಇನ್ನೂ ಏಟು ಬಿದ್ದಿಲ್ಲ ಅಷ್ಟೇ. ನನ್ನದೂ 0.6 ಬಾರೇ, ವೈಡ್‌ಬ್ಯಾಂಡ್‌ನಲ್ಲಿ 11.8 ತೋರಿಸುತ್ತಿತ್ತು, ನಾಕಿಂಗ್ ಇರಲಿಲ್ಲ. ಆದರೆ ಚಿಕ್ಕ ಟರ್ಬೊ, 2,500ಕ್ಕೇ ಪೂರ್ತಿ ಬೂಸ್ಟ್. ಒಂದು ಏರಿನಲ್ಲಿ ಟಾಪ್ ಗೇರಿನಲ್ಲೇ ಒತ್ತಿದೆ, ಆವತ್ತಿನಿಂದ ಐಡಲ್‌ನಲ್ಲಿ ಒಂಥರಾ ನಡುಕ. ಹೆಡ್ ಬಿಚ್ಚಿಸಿ ಡಯಲ್ ಗೇಜ್ ಇಟ್ಟು ನೋಡಿದರೆ ಮೂರನೇ ಪಿಸ್ಟನ್ ಮಾತ್ರ ಉಳಿದವುಗಳಷ್ಟು ಮೇಲೆ ಬರುತ್ತಿಲ್ಲ. ರಾಡ್ ಬಗ್ಗಿತ್ತು. ಬಾರ್ ಲೆಕ್ಕ ಹಿಡಿದುಕೊಂಡು ಏನು ಮಾಡ್ತೀರ? ರಾಡನ್ನು ಬಗ್ಗಿಸುವುದು ಕೆಳಗಿನ ಆರ್‌ಪಿಎಂನ ಟಾರ್ಕ್.

ಮ್ಯಾಪ್‌ಮೊದಲು: ಅದನ್ನೇ ಅಲ್ವಾ ನಾನು ಹೇಳ್ತಿರೋದು! ಗೇರ್‌ಗೆ ತಕ್ಕ ಬೂಸ್ಟ್, ಆರ್‌ಪಿಎಂಗೆ ತಕ್ಕ ಬೂಸ್ಟ್ ಕೊಡೋದು ಇಸಿಯು ಕೆಲಸ. 3,500ವರೆಗೆ ಬೂಸ್ಟ್ ತಡೆದಿದ್ದರೆ ನಿಮ್ಮ ರಾಡ್ ಉಳಿಯುತ್ತಿತ್ತು.

ಬಗ್ಗಿದರಾಡ್: ವೇಸ್ಟ್‌ಗೇಟ್ (ಬೂಸ್ಟ್ ಮಿತಿಯಲ್ಲಿಡುವ ಕವಾಟ) ಸ್ಪ್ರಿಂಗೇ 0.6ರದ್ದು ರೀ. ಅದಕ್ಕಿಂತ ಕೆಳಗೆ ಯಾವ ಇಸಿಯು ಇಳಿಸುತ್ತೆ? ಸುಮ್ನೆ ಬುದ್ಧಿ ಹೇಳೋಕೆ ಬರಬೇಡಿ, ಇಂಜಿನ್ ಇಳಿಸಿದ ಖರ್ಚು ಕೊಟ್ಟವನು ನಾನು.

ತಣ್ಣನೆಸ್ಟಾರ್ಟ್: ಲೇಥ್‌ಮನೆ ಅವರೇ, ದಿನಾ ಓಡಿಸುವ ಗಾಡಿಗೆ 2618 ಯಾಕೆ? ತಣ್ಣಗಿರುವಾಗ ಟಕಟಕ ಅಂತ ಬಡಿದುಕೊಳ್ಳುತ್ತೆ. ನಾನು 4032 ಅಲಾಯ್ ಹಾಕಿಸಿದೆ. ಅದರಲ್ಲಿ ಸುಮಾರು 12% ಸಿಲಿಕಾನ್, ಹಿಗ್ಗೋದು ಕಡಿಮೆ, ಕ್ಲಿಯರೆನ್ಸ್ ಬಿಗಿಯಾಗಿ ಇಡಬಹುದು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಪಕ್ಕದವರಿಗೂ ಗೊತ್ತಾಗಲ್ಲ. ಇನ್ನೊಂದು, ಪಿಸ್ಟನ್ ಬಡಿಯುವ ಸದ್ದನ್ನು ನಾಕ್ ಸೆನ್ಸರ್ ನಾಕಿಂಗ್ ಅಂತಲೇ ತಿಳಿದು ಟೈಮಿಂಗ್ ಹಿಂದಕ್ಕೆ ಎಳೆಯುತ್ತೆ.

ಲೇಥ್‌ಮನೆ: ಬಿಸಿಯಾದ ಮೇಲೆ ಸದ್ದು ಹೋಗುತ್ತೆ, ಸೆನ್ಸರ್ ಥ್ರೆಶೋಲ್ಡ್ ಟ್ಯೂನಿಂಗ್‌ನಲ್ಲಿ ಹೊಂದಿಸಿದರಾಯಿತು. ಕೆಟ್ಟ ಪೆಟ್ರೋಲ್ ಬಿದ್ದು ನಾಕಿಂಗ್ ಬಂತು ಅನ್ನಿ, 2618 ತಡೆದುಕೊಳ್ಳುತ್ತೆ. 4032ರ ರಿಂಗ್ ಲ್ಯಾಂಡ್ (ಪಿಸ್ಟನ್ನಿನಲ್ಲಿ ರಿಂಗ್‌ಗಳ ನಡುವಿನ ಅಂಚು) ಚೂರಾಗುತ್ತೆ.

ತಣ್ಣನೆಸ್ಟಾರ್ಟ್: ರಿಂಗ್ ಲ್ಯಾಂಡ್ ಒಡೆಯೋಕೆ ಅಲಾಯ್ ಒಂದೇ ಕಾರಣ ಅಲ್ಲ. ಟರ್ಬೊ ಇಂಜಿನ್ನಿಗೆ ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿ ನಡುವಿನ ಸಂದು) ಬಿಡದೆ ಪ್ಯಾಕೆಟಿನಿಂದ ತೆಗೆದು ಹಾಗೇ ಹಾಕ್ತಾರೆ. ಬಿಸಿಗೆ ಎರಡೂ ತುದಿ ಒತ್ತಿಕೊಂಡು ಲ್ಯಾಂಡ್ ಎತ್ತಿಬಿಡುತ್ತೆ. 83 ಮಿ.ಮೀ. ಬೋರ್‌ಗೆ ಮೇಲಿನ ರಿಂಗ್‌ಗೆ ಸುಮಾರು 0.45ರಿಂದ 0.50 ಮಿ.ಮೀ. ಬೇಕು. ನಿಮ್ಮದೆಷ್ಟು?

ಹೊಸಬೂಸ್ಟ್: ಅಣ್ಣಂದಿರೇ, ದಿನಾ ಓಡಿಸುವ ಗಾಡಿ, 0.6 ಬಾರ್. ಯಾವುದು ಮೊದಲು ಅಂತ ಹೇಳಿ ಸಾಕು.

ಬಗ್ಗಿದರಾಡ್: ರಾಡ್.

ಮ್ಯಾಪ್‌ಮೊದಲು: ಇಸಿಯು. 0.4ರ ಸ್ಪ್ರಿಂಗ್ ಹಾಕಿ, ಮೇಲಿನದನ್ನು ಇಸಿಯು ಕೈಗೆ ಬಿಡಿ. ಆಯಿಲ್ ಪ್ರೆಷರ್ ಬಿದ್ದರೆ, ಮಿಕ್ಸ್ಚರ್ ಲೀನ್ ಆದರೆ (ಪೆಟ್ರೋಲ್ ಕಡಿಮೆ ಬಿದ್ದರೆ) ಇಂಜಿನ್ ಕಟ್ ಆಗುವ ಹಾಗೆ ಮೊದಲ ದಿನವೇ ಸೆಟ್ ಮಾಡಿಸಿ. ರಾಡ್‌ಗೆ ದುಡ್ಡು ಕೂಡಿದಾಗ ಇಂಜಿನ್ ಇಳಿಸಿ.

ಲೇಥ್‌ಮನೆ: @ತಣ್ಣನೆಸ್ಟಾರ್ಟ್ 0.48. ನಾನೇ ರಿಂಗ್ ಬೋರೊಳಗೆ ನೇರ ಕೂರಿಸಿ ಫೀಲರ್ ಗೇಜ್ ಹಾಕಿ ಅಳೆದಿದ್ದು, ಫೋಟೊ ಇದೆ. ನಿಮ್ಮದೂ ಹಾಕಿ, ಆಮೇಲೆ ಮಾತಾಡೋಣ.